ವಜೀರ ಮಹಮೂದ್ ಗವಾನ್: ಒಂದು ಕಾಗದ ಮತ್ತು ಒಂದು ಮದರಸಾ



ನಮ್ಮ ಕೊರ್ಲಹಳ್ಳಿಯ ಸೇತುವೆ ಮೇಲೆ ನಿಂತು ತುಂಗಭದ್ರೆಯನ್ನು ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? ಈಚೆ ದಡ ಮುಂಡರಗಿ ತಾಲೂಕು, ಆಚೆ ದಡ ಹೂವಿನಹಡಗಲಿ ಸೀಮೆ. ಬಸ್ಸಿನಲ್ಲಿ ಕುಳಿತರೆ ಮಾತು ಮುಗಿಯುವುದರೊಳಗೆ ಹೊಳೆ ದಾಟಿರುತ್ತೇವೆ. ಆದರೆ ಆರುನೂರು ವರ್ಷಗಳ ಹಿಂದೆ ಇದೇ ಹೊಳೆಯ ನೀರು ಕುಡಿಯಲು ಎರಡು ದೊಡ್ಡ ರಾಜ್ಯಗಳ ಕುದುರೆಗಳು ಬರುತ್ತಿದ್ದವು. ದಕ್ಷಿಣಕ್ಕೆ 1336ರಲ್ಲಿ ಸ್ಥಾಪನೆಯಾದ ವಿಜಯನಗರ, ಉತ್ತರಕ್ಕೆ 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ನೆಲಕ್ಕಾಗಿ ಈ ಎರಡೂ ರಾಜ್ಯಗಳು ತಲೆಮಾರುಗಳ ಕಾಲ ಕಾದಾಡಿದವು.

ಇದನ್ನೆಲ್ಲ ನೀವು ಪಾಠದಲ್ಲಿ ಓದಿದ್ದೀರಿ. ರಾಜರ ಹೆಸರು, ಯುದ್ಧದ ಇಸವಿ ಬಾಯಿಪಾಠ ಮಾಡಿದ್ದೀರಿ. ಆದರೆ ಆ ರಾಜರ ಪಕ್ಕದಲ್ಲಿ ಕುಳಿತು ಸಲಹೆ ಹೇಳಿದವರು ಯಾರು? ಅವರ ಗತಿ ಏನಾಯಿತು? ಪಾಠಪುಸ್ತಕದಲ್ಲಿ ಅವರಿಗೆ ಸಿಗುವುದು ಎರಡು ಮೂರು ಸಾಲು ಮಾತ್ರ. ಮಹಮೂದ್ ಗವಾನನ ಬಗ್ಗೆ ನಾನು ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಸರ್, ಅವನು ಅಷ್ಟು ಒಳ್ಳೆಯ ಮಂತ್ರಿಯಾಗಿದ್ದರೆ ಅವನನ್ನು ಯಾಕೆ ಕೊಂದರು?" ಎಂದು ಕೇಳಿದ. ಗಂಟೆ ಬಾರಿಸಿತು. ಉತ್ತರ ಉಳಿದುಹೋಯಿತು. ಆ ಉಳಿದ ಉತ್ತರವೇ ಈ ಲೇಖನ.

ವ್ಯಾಪಾರಿಯಾಗಿ ಬಂದವನು

ಮಹಮೂದ್ ಗವಾನ್ ಹುಟ್ಟಿದ್ದು ಕ್ರಿ.ಶ. 1411ರಲ್ಲಿ, ಇರಾನಿನ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಗೀಲಾನ್ ಪ್ರಾಂತದಲ್ಲಿ. ಅವನ ಮನೆತನದವರು ಅಲ್ಲಿನ ಅರಸರ ಬಳಿ ಮಂತ್ರಿಗಳಾಗಿದ್ದರು. ಅಂದರೆ ದರಬಾರಿನ ಸುಖ ಹೇಗಿರುತ್ತದೆ, ದರಬಾರಿನ ಹೊಟ್ಟೆಕಿಚ್ಚು ಹೇಗಿರುತ್ತದೆ, ಎರಡನ್ನೂ ಅವನು ಚಿಕ್ಕಂದಿನಿಂದಲೇ ಕಂಡಿದ್ದ. ಆ ಒಳಜಗಳಗಳಿಂದ ಬೇಸತ್ತು ಊರು ಬಿಟ್ಟ. ಮಂತ್ರಿ ಮನೆತನದ ಮಗ ವ್ಯಾಪಾರಿಯಾದ. ಕೈರೋ, ದಮಾಸ್ಕಸ್‌ಗಳಂತಹ ನಗರಗಳನ್ನು ಸುತ್ತಿದ. ವ್ಯಾಪಾರದ ಜೊತೆಗೆ ಅಲ್ಲಲ್ಲಿನ ವಿದ್ವಾಂಸರ ಬಳಿ ಕುಳಿತು ವಿದ್ಯೆಯನ್ನೂ ಗಳಿಸಿದ.

1453ರಲ್ಲಿ ಅವನ ಹಡಗು ಕೊಂಕಣದ ದಾಭೋಳ ಬಂದರಿಗೆ ಬಂದಿತು. ಆಗ ಅವನಿಗೆ ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಸೂಫಿ ಸಂತ ಶಾಹ್ ಮುಹಿಬ್ಬುಲ್ಲಾ ಅವರ ದರ್ಶನ ಮಾಡಿ, ಮುಂದೆ ದೆಹಲಿಗೆ ಹೋಗುವುದು ಅವನ ಯೋಚನೆಯಾಗಿತ್ತು. ಆದರೆ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಶಾಹನು ಈ ವ್ಯಾಪಾರಿಯ ಮಾತು, ತಿಳಿವಳಿಕೆಗಳನ್ನು ಮೆಚ್ಚಿ ತನ್ನಲ್ಲೇ ಉಳಿಸಿಕೊಂಡ. ದೆಹಲಿಗೆ ಹೊರಟವನು ಬೀದರಿನವನಾಗಿಬಿಟ್ಟ. ಅಲ್ಲಿಂದ ಇಪ್ಪತ್ತೆಂಟು ವರ್ಷ, ಸಾಯುವವರೆಗೂ, ನಾಲ್ವರು ಸುಲ್ತಾನರ ಸೇವೆ ಮಾಡಿದ.

ಮುಂದಿನ ಸುಲ್ತಾನ ಹುಮಾಯೂನ್ ಶಾಹ ಅವನಿಗೆ 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಮುಖ್ಯಸ್ಥ, ಎಂಬ ಬಿರುದು ಕೊಟ್ಟ. ಹುಮಾಯೂನ್ 1461ರಲ್ಲಿ ತೀರಿಕೊಂಡಾಗ ಗದ್ದುಗೆ ಏರಿದ ನಿಜಾಮ್ ಶಾಹ ಎಂಟು ವರ್ಷದ ಮಗು. ಆಗ ರಾಜ್ಯದ ಭಾರ ಹೊತ್ತವರು ಮೂವರು: ರಾಜಮಾತೆ ಮಖ್ದೂಮಾ ಜಹಾನ್, ಖ್ವಾಜಾ ಜಹಾನ್ ತುರ್ಕ್ ಮತ್ತು ನಮ್ಮ ಗವಾನ್. ಮಗು ದೊರೆಯಾದರೆ ಅಕ್ಕಪಕ್ಕದವರಿಗೆ ಆಸೆ ಹುಟ್ಟುವುದು ಸಹಜ. ಮಾಳವದ ಸುಲ್ತಾನ ದಂಡೆತ್ತಿ ಬಂದು ಬೀದರಿಗೇ ಮುತ್ತಿಗೆ ಹಾಕಿದ. ಗವಾನ್ ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾನ ನೆರವು ಪಡೆದು ರಾಜ್ಯವನ್ನು ಉಳಿಸಿದ. 1463ರಲ್ಲಿ ಆ ಬಾಲಕನೂ ತೀರಿಕೊಂಡ. ಅವನ ತಮ್ಮ ಮೂರನೆಯ ಮುಹಮ್ಮದ್ ಶಾಹ ಪಟ್ಟಕ್ಕೆ ಬಂದ. ಅವನಿಗೂ ಹತ್ತರ ಆಸುಪಾಸಿನ ವಯಸ್ಸು. ಕೆಲವು ವರ್ಷಗಳಲ್ಲೇ ಗವಾನ್ ಪ್ರಧಾನ ವಜೀರನಾದ. ಈ ಮುಹಮ್ಮದ್ ಶಾಹನನ್ನು ನೆನಪಿಟ್ಟುಕೊಳ್ಳಿ. ಗವಾನನ ಕಣ್ಣೆದುರಿಗೇ ಬೆಳೆದ ಈ ಹುಡುಗನೇ ಕಡೆಗೆ ಅವನ ಸಾವಿನ ಆಜ್ಞೆ ಕೊಟ್ಟವನು.

ಅಳತೆ ಮಾಡಿ ಆಳಿದವನು

ಗವಾನ್ ಕತ್ತಿ ಹಿಡಿಯಲೂ ಬಲ್ಲವನಾಗಿದ್ದ. 1472ರ ಫೆಬ್ರವರಿಯಲ್ಲಿ ವಿಜಯನಗರದ ಕೈಯಲ್ಲಿದ್ದ ಗೋವೆಯನ್ನು ಗೆದ್ದ. ಗೋವೆ ಎಂದರೆ ಅರಬ್ ಕುದುರೆಗಳು ಇಳಿಯುವ ಬಂದರು. ಕುದುರೆ ಯಾರ ಕೈಗೆ ಹೋಗುತ್ತದೆಯೋ ಯುದ್ಧವೂ ಅವರ ಕೈಗೆ ಎಂಬ ಕಾಲ ಅದು. ವ್ಯಾಪಾರಿಯಾಗಿದ್ದ ಗವಾನನಿಗೆ ಬಂದರಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಅದರ ಬೆನ್ನಿಗೇ ಬೆಳಗಾವಿ ಕೋಟೆಯೂ ಬಹಮನಿಗಳ ವಶವಾಯಿತು. ಆ ಮುತ್ತಿಗೆಯಲ್ಲಿ ಸುರಂಗ ತೋಡಿ ಮದ್ದು ತುಂಬಿ ಕೋಟೆಗೋಡೆ ಒಡೆದರು. ಗೆದ್ದವರ ಕಡೆಯಿಂದ ಇದು ಪರಾಕ್ರಮ. ಗೋಡೆಯ ಒಳಗಿದ್ದ ಸಾಮಾನ್ಯ ಜನಕ್ಕೆ ಏನಾಗಿರಬಹುದು ಎಂಬುದನ್ನೂ ಇತಿಹಾಸ ಓದುವಾಗ ನಾವು ಯೋಚಿಸಬೇಕು.

ಆದರೆ ಯುದ್ಧ ಗೆದ್ದವರು ಬಹಳ ಜನ. ಗೆದ್ದ ನೆಲವನ್ನು ಹೇಗೆ ಆಳಬೇಕೆಂದು ಕುಳಿತು ಲೆಕ್ಕ ಹಾಕಿದವರು ಕಡಿಮೆ. ಗವಾನ್ ಆ ಕಡಿಮೆ ಜನರಲ್ಲಿ ಒಬ್ಬ. ಅವನ ಆಡಳಿತದ ಕೆಲವು ಕ್ರಮಗಳನ್ನು ಗಮನಿಸಿ.

ಮೊದಲನೆಯದು, ಪ್ರಾಂತಗಳ ವಿಭಜನೆ. ಬಹಮನಿ ರಾಜ್ಯದಲ್ಲಿ 'ತರಫ್' ಎಂಬ ನಾಲ್ಕು ದೊಡ್ಡ ಪ್ರಾಂತಗಳಿದ್ದವು. ರಾಜ್ಯ ಬೆಳೆದಂತೆ ಅವುಗಳ ಅಧಿಕಾರಿಗಳು ಸಣ್ಣ ಸುಲ್ತಾನರೇ ಆಗಿಬಿಟ್ಟಿದ್ದರು. ಗವಾನ್ ನಾಲ್ಕನ್ನು ಎಂಟು ಮಾಡಿದ.

ಎರಡನೆಯದು, ಕೋಟೆಗಳು. ಹಿಂದೆ ಪ್ರಾಂತದ ಎಲ್ಲ ಕೋಟೆಗಳೂ ಪ್ರಾಂತಾಧಿಕಾರಿಯ ಕೈಯಲ್ಲಿ ಇರುತ್ತಿದ್ದವು. ಇನ್ನು ಮುಂದೆ ಒಬ್ಬ ಅಧಿಕಾರಿಗೆ ಒಂದೇ ಕೋಟೆ, ಉಳಿದ ಕೋಟೆಗಳ ಕಿಲ್ಲೇದಾರರನ್ನು ರಾಜಧಾನಿಯಿಂದಲೇ ನೇಮಿಸಬೇಕು ಎಂದು ನಿಯಮ ಮಾಡಿದ.

ಮೂರನೆಯದು, ಸೈನ್ಯದ ಸಂಬಳ. 500 ಸವಾರರನ್ನು ಸಾಕುವ ಸರದಾರನಿಗೆ ವರ್ಷಕ್ಕೆ 1 ಲಕ್ಷ ಹೊನ್ನು ಸಿಗುತ್ತಿತ್ತು. ಗವಾನ್ ಅದನ್ನು 1 ಲಕ್ಷ 25 ಸಾವಿರಕ್ಕೆ ಏರಿಸಿದ. ಆದರೆ ಲೆಕ್ಕದಲ್ಲಿ ತೋರಿಸಿದ ಸವಾರರಲ್ಲಿ ಎಷ್ಟು ಜನ ಕಡಿಮೆ ಇರುತ್ತಾರೋ ಅಷ್ಟು ಹಣವನ್ನು ಖಜಾನೆ ಕಡಿತ ಮಾಡುತ್ತಿತ್ತು. ಹಾಜರಿ ಪುಸ್ತಕದಲ್ಲಿ ಮಾತ್ರ ಇರುವ ಸಿಪಾಯಿಗೆ ಸಂಬಳ ಇಲ್ಲ ಎಂದಾಯಿತು.

ನಾಲ್ಕನೆಯದು, ಭೂಮಿಯ ಅಳತೆ. ಹೊಲಗಳನ್ನು ಅಳೆದು, ಊರುಗಳ ಸೀಮೆ ಗುರುತಿಸಿ, ಕಂದಾಯ ನಿಗದಿ ಮಾಡುವ ಕೆಲಸಕ್ಕೆ ಕೈ ಹಾಕಿದ. ಬಾಂದಿನ ಕಲ್ಲು ಒಂದು ಮೊಳ ಸರಿದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವುದನ್ನು ನಮ್ಮ ಊರುಗಳಲ್ಲಿ ನಾವು ಕಂಡಿದ್ದೇವೆ. ಅಳತೆ ಇಲ್ಲದ ಕಾಲದಲ್ಲಿ ಬಲವಿದ್ದವನದೇ ಸೀಮೆ, ಅವನು ಹೇಳಿದ್ದೇ ಕಂದಾಯ.

ಈ ನಾಲ್ಕೂ ಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿ. ಪ್ರತಿಯೊಂದೂ ಯಾರೋ ಒಬ್ಬ ದೊಡ್ಡವನ ಕೈಯಿಂದ ಏನನ್ನೋ ಕಿತ್ತುಕೊಂಡಿದೆ: ಅರ್ಧ ಪ್ರಾಂತ, ಕೋಟೆಗಳು, ಸುಳ್ಳು ಲೆಕ್ಕದ ಹಣ, ಮನಬಂದಂತೆ ಎತ್ತುವ ಕಂದಾಯ. ಆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಗವಾನ್ ಒಳ್ಳೆಯ ಮಂತ್ರಿಯಾಗಿದ್ದರೂ ಕೊಂದರು ಎನ್ನುವುದಕ್ಕಿಂತ, ಒಳ್ಳೆಯ ಮಂತ್ರಿಯಾಗಿದ್ದಕ್ಕೇ ಕೊಂದರು ಎನ್ನುವುದು ಸರಿ.

ಇನ್ನೊಂದು ಕಾರಣವೂ ಇತ್ತು. ಬೀದರಿನ ದರಬಾರು ಎರಡು ಪಂಗಡಗಳಾಗಿ ಒಡೆದಿತ್ತು. ಬಹಳ ಹಿಂದೆಯೇ ಬಂದು ಇಲ್ಲಿಯೇ ನೆಲೆಸಿದವರು ಮತ್ತು ಇಲ್ಲಿಯವರೇ ಆದ ಮುಸಲ್ಮಾನರು 'ದಖ್ಖನಿಗಳು'. ಇರಾನ್, ಅರಬಸ್ತಾನ, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದವರು 'ಅಫಾಕಿಗಳು'. ಧರ್ಮ ಒಂದೇ, ದೊರೆ ಒಬ್ಬನೇ, ಆದರೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಗವಾನ್ ಅಫಾಕಿಯಾಗಿದ್ದರೂ ದೊಡ್ಡ ಹುದ್ದೆಗಳನ್ನು ಎರಡೂ ಕಡೆಯವರಿಗೆ ಹಂಚಿದ. ಆದರೂ ದಖ್ಖನಿಗಳ ಮುಖಂಡ ಮಲಿಕ್ ಹಸನ್ ನಿಜಾಮುಲ್ ಮುಲ್ಕನಿಗೆ ಸಮಾಧಾನವಾಗಲಿಲ್ಲ. ತೆಲಂಗಾಣ ಎರಡು ಭಾಗವಾದದ್ದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಬೀದರಿನ ಮದರಸಾ

ನೀವು ಬೀದರಿಗೆ ಹೋದರೆ ಕೋಟೆ ನೋಡುವ ಮೊದಲು ಹಳೆಯ ಊರಿನ ಚೌಬಾರಾದ ಹತ್ತಿರವಿರುವ ಗವಾನನ ಮದರಸಾ ನೋಡಿ. ಗೋವೆ ಗೆದ್ದ ವರ್ಷವೇ, 1472ರಲ್ಲಿ, ಈ ಕಟ್ಟಡ ಮುಗಿಯಿತು. ಮೂರು ಅಂತಸ್ತು. ಉದ್ದ 200 ಅಡಿಗೂ ಹೆಚ್ಚು, ಅಗಲ ಸುಮಾರು 180 ಅಡಿ. ನಡುವೆ ವಿಶಾಲವಾದ ಅಂಗಳ, ಸುತ್ತಲೂ ಉಪನ್ಯಾಸದ ಹಾಲುಗಳು, ಒಂದು ಮಸೀದಿ, ಒಂದು ಗ್ರಂಥಾಲಯ. ವಿದ್ಯಾರ್ಥಿಗಳಿಗೆ 36 ಕೋಣೆಗಳು, ಉಸ್ತಾದರಿಗೆ 6 ಮನೆಗಳು. ಗ್ರಂಥಾಲಯದಲ್ಲಿ 3000 ಗ್ರಂಥಗಳಿದ್ದವು ಎಂದು ಹೇಳುತ್ತಾರೆ. ಅಚ್ಚಿನ ಯಂತ್ರ ನಮ್ಮ ದೇಶಕ್ಕೆ ಬರುವುದಕ್ಕಿಂತ ಬಹಳ ಮೊದಲಿನ ಮಾತಿದು. ಆ ಮೂರು ಸಾವಿರದಲ್ಲಿ ಪ್ರತಿಯೊಂದನ್ನೂ ಯಾರೋ ಒಬ್ಬರು ಕೈಯಿಂದ ನಕಲು ಮಾಡಿದ್ದರು.

ಗೋಡೆಗಳ ಮೇಲೆ ಬಿಳಿ, ನೀಲಿ, ಹಸಿರು, ಹಳದಿ ಬಣ್ಣದ ಹೊಳೆಯುವ ಹಂಚುಗಳನ್ನು ಕೂಡಿಸಿದ್ದಾರೆ. ಕುರಾನಿನ ವಾಕ್ಯಗಳನ್ನು ಅದೇ ಹಂಚುಗಳಲ್ಲಿ ಬರೆದಿದ್ದಾರೆ. ಸಮರ್‌ಕಂದದ ಮದರಸಾಗಳ ನಮೂನೆಯ ಕಟ್ಟಡ ನಮ್ಮ ಬೀದರಿನ ಕೆಂಪು ಮಣ್ಣಿನ ಮೇಲೆ ಎದ್ದು ನಿಂತಿತು. ಆ ಕಾಲದ ಹೆಸರಾಂತ ಕವಿ ಮೌಲಾನಾ ಜಾಮಿಯವರನ್ನು ಗವಾನ್ ಬೀದರಿಗೆ ಕರೆದ. ಅವರಿಗೆ ಬರಲಾಗಲಿಲ್ಲ, ಆದರೆ ಪತ್ರವ್ಯವಹಾರ ನಡೆಯುತ್ತಿತ್ತು.

ಪತ್ರದ ವಿಷಯ ಬಂದಿದ್ದರಿಂದ ಒಂದು ಮುಖ್ಯ ಮಾತು. ಗವಾನ್ ತನ್ನ ಕಾಲದ ದೊಡ್ಡ ಪತ್ರಲೇಖಕ. ಇಸ್ತಾಂಬುಲಿನ ಸುಲ್ತಾನರಿಂದ ಹಿಡಿದು ವಿದ್ವಾಂಸರವರೆಗೆ, ಬಂಧುಗಳವರೆಗೆ ಅವನು ಬರೆದ ಫಾರಸಿ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಇಂದಿಗೂ ಉಳಿದಿದೆ. ಪತ್ರ ಬರೆಯುವುದು ಹೇಗೆ ಎಂದು ಕಲಿಸುವ 'ಮನಾಜಿರುಲ್ ಇನ್ಶಾ' ಎಂಬ ಗ್ರಂಥವನ್ನೂ ಬರೆದ. ಪತ್ರ ಬರೆಯುವುದನ್ನು ಜಗತ್ತಿಗೆ ಕಲಿಸಿದವನು ಕಡೆಗೆ ತಾನು ಬರೆಯದ ಒಂದು ಪತ್ರದಿಂದ ಸತ್ತ.

ಇಬ್ಬರು ಸಾಕ್ಷಿಗಳು

ಗವಾನ್ ಹೇಗೆ ಬದುಕುತ್ತಿದ್ದ? ಈ ಬಗ್ಗೆ ನಮಗೆ ಇಬ್ಬರು ಸಾಕ್ಷಿ ಹೇಳುತ್ತಾರೆ, ಇಬ್ಬರ ಮಾತೂ ಬೇರೆ ಬೇರೆ.

ಒಬ್ಬ ಫಿರಿಶ್ತಾ. ಗವಾನ್ ಸತ್ತು ನೂರು ವರ್ಷ ಕಳೆದ ಮೇಲೆ ನಮ್ಮ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಇತಿಹಾಸ ಬರೆದವನು. ಅವನ ಪ್ರಕಾರ ಗವಾನ್ ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಮಡಕೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತಿದ್ದ. ತನ್ನ ಊಟದ ಖರ್ಚನ್ನು ವ್ಯಾಪಾರದ ಲಾಭದಿಂದ ಮಾತ್ರ ತೆಗೆಯುತ್ತಿದ್ದ. ಅವನಲ್ಲಿ ಎರಡು ಖಜಾನೆಗಳಿದ್ದವು: ಸರಕಾರದ ಕೆಲಸಕ್ಕೆ, ಸೈನ್ಯಕ್ಕೆ ಒಂದು, ಬಡವರಿಗೆ ಒಂದು.

ಇನ್ನೊಬ್ಬ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ. ಗವಾನ್ ಬದುಕಿದ್ದಾಗಲೇ, 1469ರ ಹೊತ್ತಿಗೆ, ಬೀದರಿಗೆ ಬಂದು ಕಣ್ಣಾರೆ ಕಂಡವನು. ಮಲಿಕ್-ಉತ್-ತುಜ್ಜಾರನ ಮನೆಯಲ್ಲಿ ದಿನಕ್ಕೆ ಐನೂರು ಜನ ಊಟಕ್ಕೆ ಕೂರುತ್ತಾರೆ, ಅವನ ಲಾಯದಲ್ಲಿ ಎರಡು ಸಾವಿರ ಕುದುರೆಗಳಿವೆ, ರಾತ್ರಿ ಮನೆಗೆ ಆಯುಧಪಾಣಿಗಳ ಕಾವಲಿದೆ ಎಂದು ಬರೆದಿದ್ದಾನೆ. ಅದೇ ನಿಕಿತಿನ್ ಇನ್ನೊಂದು ಮಾತನ್ನೂ ಬರೆದಿದ್ದಾನೆ: ಈ ನಾಡಿನಲ್ಲಿ ಶ್ರೀಮಂತರು ಬಹಳ ವೈಭವದಲ್ಲಿದ್ದಾರೆ, ಹಳ್ಳಿಯ ಜನ ಬಹಳ ಬಡವರು.

ಹಾಗಾದರೆ ಯಾರ ಮಾತು ನಿಜ? ನನಗೆ ಅನ್ನಿಸುವುದು ಇಷ್ಟು. ವಜೀರನ ಮನೆ ಎಂದರೆ ಸರಕಾರದ ಕಚೇರಿ, ದಂಡಿನ ಠಾಣ್ಯ ಎರಡೂ ಆಗಿತ್ತು. ಅಲ್ಲಿ ಐನೂರು ಎಲೆ ಬಿದ್ದರೂ ಒಡೆಯ ಮಡಕೆಯ ಅನ್ನ ಉಣ್ಣಬಹುದು. ಆದರೆ ನಿಕಿತಿನ್ ಕಂಡ ಹಳ್ಳಿಯ ಬಡತನವನ್ನು ನಾವು ಮುಚ್ಚಿಡಬಾರದು. ಒಬ್ಬ ಒಳ್ಳೆಯ ಮಂತ್ರಿ ಇದ್ದಾನೆಂದರೆ ಬಡವನ ಅಡಿಗೆಮನೆಯಲ್ಲಿ ಮರುದಿನವೇ ಹೊಗೆ ಏಳುತ್ತದೆ ಎಂದು ಅರ್ಥವಲ್ಲ. ಪ್ರೀತಿಸುವವರ ಬಗ್ಗೆಯೂ ಪೂರ್ತಿ ಸತ್ಯ ಹೇಳುವುದನ್ನು ಇತಿಹಾಸ ನಮಗೆ ಕಲಿಸಬೇಕು.

ಆ ಕಾಗದ

1481ನೇ ಇಸವಿ. ಸುಲ್ತಾನ ಮುಹಮ್ಮದ್ ಶಾಹ ಪೂರ್ವ ದಿಕ್ಕಿನ ದಂಡಯಾತ್ರೆಯಲ್ಲಿದ್ದ. ಗವಾನನನ್ನು ತಂದೆಯಂತೆ ಕಾಣುತ್ತಿದ್ದ ಯೂಸುಫ್ ಆದಿಲ್ ಖಾನ್ ಬೇರೆ ಕೆಲಸದ ಮೇಲೆ ದೂರ ಹೋಗಿದ್ದ. ವೈರಿಗಳಿಗೆ ಇದೇ ಸಮಯ ಸಿಕ್ಕಿತು. ಗವಾನನ ಮೊಹರು ಕಾಯುತ್ತಿದ್ದ ಸೇವಕನನ್ನು ಸ್ನೇಹ ಮಾಡಿಕೊಂಡು, ಕುಡಿಸಿ, ಒಂದು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಆ ಖಾಲಿ ಜಾಗದಲ್ಲಿ ಒಡಿಶಾದ ಗಜಪತಿ ದೊರೆಗೆ ಗವಾನನೇ ಬರೆದಂತೆ ಒಂದು ಪತ್ರ ಬರೆದರು. ನಮ್ಮ ಸುಲ್ತಾನ ಕುಡುಕ, ಜನ ಬೇಸತ್ತಿದ್ದಾರೆ, ನೀವು ದಂಡೆತ್ತಿ ಬನ್ನಿ, ರಾಜ್ಯ ಹಂಚಿಕೊಳ್ಳೋಣ ಎಂಬ ಅರ್ಥದ ಪತ್ರ ಅದು. ಸುಲ್ತಾನ ಅಮಲಿನಲ್ಲಿದ್ದ ಹೊತ್ತು ನೋಡಿ ಅದನ್ನು ಅವನ ಮುಂದಿಟ್ಟರು.

ಗವಾನನಿಗೆ ಕರೆ ಬಂತು. ಅವನ ಗೆಳೆಯರಿಗೆ ಅನುಮಾನ ಬಂದಿತ್ತು. ಇಂದು ಹೋಗಬೇಡಿ, ಸವಾರರು ಸಿದ್ಧರಿದ್ದಾರೆ, ಗುಜರಾತಿಗೆ ಹೊರಟುಬಿಡೋಣ ಎಂದರು. ಅವನು ಒಪ್ಪಲಿಲ್ಲ. ಹುಮಾಯೂನನ ಸೇವೆಯಲ್ಲಿ ನೆರೆತ ಗಡ್ಡ ಅವನ ಮಗನ ಕಾಲದಲ್ಲಿ ರಕ್ತದಿಂದ ಕೆಂಪಾದರೆ ಅದೂ ಗೌರವವೇ ಎಂದು ಹೇಳಿ ಹೊರಟನೆಂದು ಫಿರಿಶ್ತಾ ಬರೆಯುತ್ತಾನೆ.

ಸ್ವಾಮಿದ್ರೋಹಿಗೆ ಏನು ಶಿಕ್ಷೆ ಎಂದು ಸುಲ್ತಾನ ಕೇಳಿದ. ಕತ್ತಿಯೇ ಶಿಕ್ಷೆ ಎಂದು ಗವಾನ್ ಉತ್ತರಿಸಿದ. ಆಗ ಕಾಗದವನ್ನು ಎದುರಿಗೆ ಹಿಡಿದರು. ಗವಾನ್ ನೋಡಿದ. ಮೊಹರು ನನ್ನದು, ಬರಹ ನನ್ನದಲ್ಲ ಎಂದ. ಸುಲ್ತಾನನಿಗೆ ಕೇಳುವ ತಾಳ್ಮೆ ಇರಲಿಲ್ಲ. ಗುಲಾಮ ಜೌಹರನಿಗೆ ಸನ್ನೆ ಮಾಡಿ ಒಳಗೆ ಹೋಗಿಬಿಟ್ಟ. ನನ್ನಂತಹ ಮುದುಕನನ್ನು ಕೊಲ್ಲುವುದು ಸುಲಭ, ಆದರೆ ನಿಮ್ಮ ರಾಜ್ಯ ಹಾಳಾದೀತು ಎಂಬುದು ಗವಾನನ ಕಡೆಯ ಎಚ್ಚರಿಕೆಯಾಗಿತ್ತು. 1481ರ ಏಪ್ರಿಲ್ 5ರಂದು, ಎಪ್ಪತ್ತರ ಮುಪ್ಪಿನಲ್ಲಿ, ಅವನ ತಲೆ ಬಿತ್ತು.

ಆಮೇಲೆ ಸುಲ್ತಾನ ಗವಾನನ ಸಂಪತ್ತು ಎಲ್ಲಿ ಎಂದು ಹುಡುಕಿಸಿದ. ಖಜಾಂಚಿ ತೋರಿಸಿದ್ದು ಸ್ವಲ್ಪವೇ ಹಣ. ಉಳಿದದ್ದೆಲ್ಲ ಸೈನ್ಯಕ್ಕೆ, ಬಡವರಿಗೆ ಹೋಗಿತ್ತು. ಆ ಕಾಗದ ಒಯ್ಯುತ್ತಿದ್ದ ಆಳನ್ನು ಕರೆಸಿ ಎಂದು ಕೇಳಿದರೆ ದೂರುಗಾರರ ಬಾಯಿ ಕಟ್ಟಿತು. ಅಂತಹ ಆಳೇ ಇರಲಿಲ್ಲ. ಅಷ್ಟು ಹೊತ್ತಿಗೆ ಕೇಳಬೇಕಾದ ಪ್ರಶ್ನೆ ತಡವಾಗಿತ್ತು. ಸುಲ್ತಾನ ಪಶ್ಚಾತ್ತಾಪಪಟ್ಟ, ಇನ್ನಷ್ಟು ಕುಡಿತಕ್ಕೆ ಬಿದ್ದ, ವರ್ಷ ತುಂಬುವುದರೊಳಗೆ, 1482ರ ಮಾರ್ಚಿನಲ್ಲಿ, ತಾನೂ ಸತ್ತ. ಸಂಚಿನ ಮುಖಂಡ ಮಲಿಕ್ ಹಸನನೂ ಕೆಲವೇ ವರ್ಷಗಳಲ್ಲಿ ಕೊಲೆಯಾದ. 1490ರ ಹೊತ್ತಿಗೆ ಬಿಜಾಪುರ, ಅಹಮದನಗರ, ಬೇರಾರ ಪ್ರಾಂತಗಳು ಸ್ವತಂತ್ರವಾದವು. ಮುಂದೆ ಗೋಲ್ಕೊಂಡಾ, ಬೀದರ್. ಒಂದು ರಾಜ್ಯ ಐದಾಯಿತು. ಬಿಜಾಪುರದಲ್ಲಿ ಗದ್ದುಗೆ ಏರಿದವನು ಗವಾನನ ಅದೇ ಶಿಷ್ಯ ಯೂಸುಫ್ ಆದಿಲ್ ಖಾನ್. ನಮ್ಮ ಲಕ್ಷ್ಮೇಶ್ವರದ ಜುಮ್ಮಾ ಮಸೀದಿ ಅವನ ವಂಶದ ಆಳಿಕೆಯಲ್ಲಿ ಕಟ್ಟಿದ್ದು. ಬೀದರಿನ ಆ ಕಾಗದದ ಕಥೆ ನಮ್ಮ ಸೀಮೆಗೆ ದೂರದ್ದಲ್ಲ.

ಬಿಟ್ಟು ಹೋಗಬೇಕಿತ್ತೇ?

ಪ್ರಾಚೀನ ಚೀನಾದಲ್ಲಿ, ಕ್ರಿ.ಪೂ. 5ನೇ ಶತಮಾನದಲ್ಲಿ, ಯುವೆ ಎಂಬ ರಾಜ್ಯದ ದೊರೆ ಗೌಜಿಯನ್‌ಗೆ ಫಾನ್ ಲಿ ಮತ್ತು ವೆನ್ ಜೋಂಗ್ ಎಂಬ ಇಬ್ಬರು ಸಲಹೆಗಾರರಿದ್ದರು. ಅವರ ಬುದ್ಧಿಯಿಂದ ದೊರೆ ತನ್ನ ವೈರಿಯನ್ನು ಗೆದ್ದ. ಗೆದ್ದ ಕೂಡಲೇ ಫಾನ್ ಲಿ ಹುದ್ದೆ ಬಿಟ್ಟು ದೂರ ಹೋಗಿ ವ್ಯಾಪಾರ ಮಾಡಿ ಸುಖವಾಗಿ ಬಾಳಿದ. ಕಷ್ಟದಲ್ಲಿ ಜೊತೆಗಿರುವ ದೊರೆ ಸುಖದಲ್ಲಿ ಜೊತೆಗಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ವೆನ್ ಜೋಂಗ್ ಉಳಿದ. ಅವನ ಮೇಲೆ ದ್ರೋಹದ ಆರೋಪ ಬಂತು, ದೊರೆಯೇ ಕತ್ತಿ ಕಳಿಸಿ ಪ್ರಾಣ ಬಿಡುವಂತೆ ಮಾಡಿದ.

ಗವಾನ್ ಹರೆಯದಲ್ಲಿ ಫಾನ್ ಲಿಯಂತೆ ಗೀಲಾನ್ ಬಿಟ್ಟ, ಮುಪ್ಪಿನಲ್ಲಿ ವೆನ್ ಜೋಂಗನಂತೆ ಬೀದರಿನಲ್ಲಿ ಉಳಿದ. ಯಾವುದು ಜಾಣತನ? ಫಾನ್ ಲಿ ಜಾಣ, ಅದರಲ್ಲಿ ಅನುಮಾನವಿಲ್ಲ. ಆದರೆ ಗವಾನ್ ಅಂದು ಗುಜರಾತಿಗೆ ಓಡಿದ್ದರೆ ಆ ಸುಳ್ಳು ಕಾಗದವೇ ನಿಜವಾಗುತ್ತಿತ್ತು. ಓಡಿದವನೇ ದ್ರೋಹಿ ಎಂದು ಇಂದಿನ ಪಾಠಪುಸ್ತಕವೂ ಬರೆಯುತ್ತಿತ್ತೇನೋ. ಅವನು ಪ್ರಾಣ ಕೊಟ್ಟು ಹೆಸರು ಉಳಿಸಿಕೊಂಡ.

ನಮಗೆ ಉಳಿದ ಪಾಠ

ವಿದ್ಯಾರ್ಥಿ ಮಿತ್ರರೇ, ಸುಲ್ತಾನ ಮೂರ್ಖನಾಗಿರಲಿಲ್ಲ. ಅವನಿಗೂ ಓದು ಬರುತ್ತಿತ್ತು. ಆದರೆ ಅಂದು ಅವನು ಮೂರು ಪ್ರಶ್ನೆ ಕೇಳಲಿಲ್ಲ. ಇದನ್ನು ಬರೆದವರು ಯಾರು? ತಂದವರು ಯಾರು? ಇದು ನಿಜವಾದರೆ ಯಾರಿಗೆ ಲಾಭ? ಮೊಹರು ನೋಡಿದ, ಬರಹ ನೋಡಲಿಲ್ಲ. ಇಂದು ನಮ್ಮ ಕೈಯಲ್ಲಿರುವ ಮೊಬೈಲಿಗೆ ದಿನವೂ ಇಂತಹ ಕಾಗದಗಳು ಬರುತ್ತವೆ. ಯಾರದೋ ಫೋಟೋ, ಯಾರದೋ ಹೆಸರು, ಕೆಳಗೆ ಯಾರೋ ಬರೆದ ಮಾತು. ಊರಿನಲ್ಲಿ ನೂರು ವರ್ಷ ಕೂಡಿ ಬಾಳಿದವರ ನಡುವೆ ಒಂದು ರಾತ್ರಿಯಲ್ಲಿ ಗೋಡೆ ಎಬ್ಬಿಸಲು ಅಂತಹ ಒಂದು ಸಾಕು. ಮುಂದೆ ಕಳಿಸುವ ಮೊದಲು ಆ ಮೂರು ಪ್ರಶ್ನೆ ಕೇಳಿ. ವಿದ್ಯೆ ಎಂದರೆ ಇದೇ. ಅಂಕಪಟ್ಟಿ ಆಮೇಲೆ.

ಇನ್ನೊಂದು ಮಾತು. ಗವಾನ್ ಗೆದ್ದ ಗೋವೆ ಬಹಮನಿಗಳ ಕೈಯಲ್ಲಿ ಉಳಿಯಲಿಲ್ಲ. ಅವನು ಮಾಡಿದ ಎಂಟು ಪ್ರಾಂತಗಳು ಉಳಿಯಲಿಲ್ಲ. ಆ ರಾಜ್ಯವೇ ಉಳಿಯಲಿಲ್ಲ. ಮದರಸಾ ಮಾತ್ರ ಇದೆ. 17ನೇ ಶತಮಾನದ ಕೊನೆಯಲ್ಲಿ ಅಲ್ಲಿ ಕೂಡಿಟ್ಟ ಮದ್ದು ಸ್ಫೋಟಗೊಂಡು ಮುಂಭಾಗದ ಒಂದು ಮಗ್ಗುಲು ಕುಸಿಯಿತು, ಎರಡು ಮಿನಾರುಗಳಲ್ಲಿ ಒಂದು ಬಿತ್ತು. ಇನ್ನೊಂದು ಸುಮಾರು 130 ಅಡಿ ಎತ್ತರಕ್ಕೆ ಇಂದಿಗೂ ನಿಂತಿದೆ, ಅಲ್ಲಲ್ಲಿ ನೀಲಿ ಹಂಚುಗಳನ್ನು ಉಳಿಸಿಕೊಂಡು. ಓದಲು ಇಟ್ಟ ಮನೆಯಲ್ಲಿ ಮದ್ದು ತುಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಆ ಕುಸಿದ ಗೋಡೆಯೇ ಸಾಕ್ಷಿ.

ನಮ್ಮ ಮಕ್ಕಳನ್ನು ಬೀದರಿಗೆ ಕರೆದುಕೊಂಡು ಹೋಗಿ. ಆ ಅಂಗಳದಲ್ಲಿ ನಿಲ್ಲಿಸಿ, ವಿದ್ಯಾರ್ಥಿಗಳ ಕೋಣೆಗಳನ್ನು ಎಣಿಸಲು ಹೇಳಿ. ಊರಿನ ಹೊರಗೆ ಗವಾನನ ಸಾದಾ ಗೋರಿಯೂ ಇದೆ, ಅದನ್ನೂ ತೋರಿಸಿ. ಹಿಂದಿನ ಬೆಂಚಿನ ಆ ಹುಡುಗನಿಗೆ ಅಂದು ನಾನು ಹೇಳಲಾಗದ ಉತ್ತರ ಇಷ್ಟೇ: ಅವನನ್ನು ಕೊಂದವರು ಒಂದು ಕಾಗದ ಬರೆದರು, ಅವನು ಮೂರು ಸಾವಿರ ಪುಸ್ತಕಗಳಿಗೆ ಮನೆ ಕಟ್ಟಿದ. ಐನೂರೈವತ್ತು ವರ್ಷಗಳ ನಂತರ ನಾವು ನೋಡಲು ಹೋಗುವುದು ಆ ಮನೆಯನ್ನು.